ಹಳೇ ಫಿಲ್ಟರ್ ಹೌಸ್: ರಿಪೇರಿ ಮಾಡೋದಾ, ಒಡೆದು ಕಟ್ಟೋದಾ, ಪಕ್ಕದಲ್ಲಿ ಹೊಸದು ಹಾಕೋದಾ?

ನಗರಸಭೆ ಸಾಮಾನ್ಯ ಸಭೆ ಅಜೆಂಡಾದಲ್ಲಿ "ಹಾಲಿ ಇರುವ ನೀರು ಶುದ್ಧೀಕರಣ ಘಟಕವು ಹಳೆಯದಾಗಿದ್ದು, ನೂತನ ಘಟಕ ನಿರ್ಮಿಸುವ ಬಗ್ಗೆ ಚರ್ಚಿಸಿ ತೀರ್ಮಾನಿಸುವುದು" ಅಂತ ಒಂದು ಐಟಂ ಬಂತು ಅಂದ್ರೆ ಅರ್ಧ ತೀರ್ಮಾನ ಆಗ್ಲೇ ಆಗೋಗಿರತ್ತೆ. ಯಾವ ಮೆಂಬರೂ ಎದ್ದು ನಿಂತು ಬೇಡ ಅನ್ನಲ್ಲ, ಅಂದ್ರೆ ನಾಳೆ ವಾರ್ಡಲ್ಲಿ "ನೀರಿಗೆ ಅಡ್ಡಗಾಲು ಹಾಕ್ದೋನು ಇವನೇ" ಅನ್ನಿಸ್ಕೋಬೇಕಾಗತ್ತೆ. ಎಸ್ಟಿಮೇಟ್ ಬರತ್ತೆ, ಗುದ್ದಲಿ ಪೂಜೆಗೆ ಒಳ್ಳೇ ದಿನ ಹುಡುಕ್ತಾರೆ, ಮುಗೀತು ಕಥೆ. ಆದ್ರೆ ಆ ಒಂದು ಲೈನ್ ಒಳಗೆ ಐದಾರು ಬೇರೆಬೇರೆ ದಾರಿ ಇದೆ ಸ್ವಾಮಿ, ಒಂದೊಂದಕ್ಕೂ ಖರ್ಚು ಬೇರೆ, ರಿಸ್ಕ್ ಬೇರೆ, ಮುಂದಿನ ಮೂವತ್ತು ವರ್ಷದ ಕರೆಂಟ್ ಬಿಲ್ ಬೇರೆ, ಅದ್ಯಾವ್ದೂ ಸಭೆಲಿ ಪಕ್ಕಪಕ್ಕ ಇಟ್ಟು ನೋಡೋದೇ ಇಲ್ಲ. ಇಲ್ಲಿ ಹಂಗೆ ಇಟ್ಟು ನೋಡೋಣ, ಒಂದು ಲಕ್ಷದಿಂದ ನಾಲ್ಕೈದು ಲಕ್ಷ ಜನ ಇರೋ ನಮ್ಮ ಕಡೆ ಊರುಗಳನ್ನ ಮನಸಲ್ಲಿ ಇಟ್ಕೊಂಡು, ಬೇರೆ ಕಡೆ ಇದೇ ಪ್ರಶ್ನೆ ಬಂದಾಗ ಏನಾಯ್ತು ಅನ್ನೋದನ್ನೂ ಸೇರಿಸ್ಕೊಂಡು.

ಮೊದಲು ವಯಸ್ಸಿನ ವಿಷಯ ಬಗೆಹರಿಸ್ಬಿಡೋಣ

"ಐವತ್ತು ವರ್ಷದ ಪ್ಲಾಂಟ್ ಸಾರ್, ಆಯಸ್ಸು ಮುಗೀತು" ಅನ್ನೋದು ಎಲ್ಲಾ ಕಡೆ ಕೇಳಿಬರೋ ಮಾತು. ಇದನ್ನ ಹಂಗೇ ನಂಬೋಕೆ ಹೋಗ್ಬೇಡಿ.

ಅಮೆರಿಕದ ಮಿಸಿಸಿಪ್ಪಿ ರಾಜ್ಯದಲ್ಲಿ ಜಾಕ್ಸನ್ ಅಂತ ಊರು, ಅಲ್ಲಿ ಎರಡು ಪ್ಲಾಂಟ್. ಒಂದು ಫ್ಯೂವೆಲ್ ಅಂತ, 1914ರದ್ದು. ಇನ್ನೊಂದು ಓ.ಬಿ. ಕರ್ಟಿಸ್ ಅಂತ, ಅದಕ್ಕಿಂತ ಎಷ್ಟೋ ದಶಕ ಈಚೆಗೆ ಕಟ್ಟಿದ್ದು, ದೊಡ್ಡದು. 2022ರ ಆಗಸ್ಟ್ ಕೊನೆಲಿ ಪರ್ಲ್ ನದಿ ತುಂಬಿ ಬಂದಾಗ ಕೈಕೊಟ್ಟಿದ್ದು ಈ ಹೊಸದು. ಅಷ್ಟೊತ್ತಿಗಾಗ್ಲೇ ಅಲ್ಲಿನ ಮೇನ್ ಪಂಪ್ ಕೆಟ್ಟು ಸಣ್ಣ ಬ್ಯಾಕಪ್ ಪಂಪಲ್ಲಿ ದಿನ ತಳ್ತಾ ಇದ್ರು, ನೀರು ಕುದಿಸ್ಕೊಂಡು ಕುಡೀರಿ ಅನ್ನೋ ನೋಟಿಸ್ ಒಂದು ತಿಂಗಳಿಂದ ಜಾರಿಲಿತ್ತು, ಲೈಸೆನ್ಸ್ ಇರೋ ಆಪರೇಟರ್‌ಗಳೇ ಸಾಕಷ್ಟು ಇರ್ಲಿಲ್ಲ. ಸುಮಾರು ಒಂದೂವರೆ ಲಕ್ಷ ಜನಕ್ಕೆ ಟಾಯ್ಲೆಟ್ ಫ್ಲಶ್ ಮಾಡೋಕೂ ಪ್ರೆಶರ್ ಇಲ್ದಂಗಾಯ್ತು. ಆಮೇಲೆ ಕೋರ್ಟ್ ಮೂಲಕ ಹೊರಗಿನ ಮ್ಯಾನೇಜರ್ ಒಬ್ರನ್ನ ತಂದು ಕೂರಿಸಿದ್ರು, ಅಲ್ಲಿನ ಸಂಸತ್ತು 60 ಕೋಟಿ ಡಾಲರ್ ಕೊಡ್ಬೇಕಾಯ್ತು.

ಅಮೆರಿಕದ್ದೇ ಇನ್ನೊಂದು ಊರು ಮಿಲ್ವಾಕಿ ಕಥೆನೂ ಇದೇ ಥರ. ಅಲ್ಲೂ ಎರಡು ಪ್ಲಾಂಟ್, ಲಿನ್‌ವುಡ್ 1939ರದ್ದು, ಹೊವರ್ಡ್ ಅವೆನ್ಯೂ 1962ರದ್ದು. 1993ರ ಮಾರ್ಚ್-ಏಪ್ರಿಲಲ್ಲಿ ಕ್ರಿಪ್ಟೊಸ್ಪೊರಿಡಿಯಂ ಅನ್ನೋ ಪರಜೀವಿ ನಲ್ಲಿ ನೀರಲ್ಲಿ ಬಂದು ಅಂದಾಜು ನಾಲ್ಕು ಲಕ್ಷ ಜನಕ್ಕೆ ಹೊಟ್ಟೆ ಕೆಟ್ಟಿತ್ತು, ಸತ್ತೋರೂ ಇದ್ದಾರೆ. ಬಂದಿದ್ದು ಹೊವರ್ಡ್ ಪ್ಲಾಂಟಿಂದ, ಅಂದ್ರೆ ಅಲ್ಲೂ ಎರಡರಲ್ಲಿ ಹೊಸದು. ಊರಿಗೆ ನೀರು ಕೊಡೋ ಮಿಶಿಗನ್ ಮಹಾಕೆರೆ ನೀರು ಏಕಾಏಕಿ ಕದಡಿ ಬಂದಾಗ ಕೆಮಿಕಲ್ ಡೋಸ್ ಸರಿಯಾಗಿ ಕೂರ್ಲಿಲ್ಲ, ಫಿಲ್ಟರ್ ದಾಟಿ ಬರೋ ನೀರಿನ ಕದಡು ಏರ್ತಾ ಹೋಯ್ತು, ಅದನ್ನ ನೋಡಿ ತಕ್ಷಣ ನಿಲ್ಸೋ ವ್ಯವಸ್ಥೆ ಇರ್ಲಿಲ್ಲ. ಆಮೇಲೆ ಅವ್ರು ಏನ್ ಮಾಡಿದ್ರು ಗೊತ್ತಾ, ಎರಡನ್ನೂ ಕೆಡವ್ಲಿಲ್ಲ. ಫಿಲ್ಟರ್‌ಗಳನ್ನ ಸುಧಾರಿಸಿ, ಕೆರೆಯೊಳಗೆ ನೀರೆಳೆಯೋ ಪೈಪನ್ನ ಇನ್ನಷ್ಟು ದೂರಕ್ಕೆ ಹಾಕಿ, 1998ರ ಹೊತ್ತಿಗೆ ಎರಡಕ್ಕೂ ರೋಗಾಣು ಕೊಲ್ಲೋ ಓಝೋನ್ ವ್ಯವಸ್ಥೆ ಕೂರಿಸಿದ್ರು. 1939ರ ಲಿನ್‌ವುಡ್ ಆಮೇಲೂ ಕೆಲಸ ಮಾಡ್ತಾ ಬಂತು.

ನಮ್ಮ ದೇಶದಲ್ಲೇ ನೋಡಿ, ಕೋಲ್ಕತ್ತಾಗೆ ನೀರು ಕೊಡೋ ಪಲ್ತಾ ವಾಟರ್ ವರ್ಕ್ಸ್ ಶುರುವಾಗಿದ್ದು 1860ರ ದಶಕದ ಕೊನೆಲಿ. ಚೆನ್ನೈನ ಕಿಲ್ಪಾಕ್ 1914ರದ್ದು, ಜಾಕ್ಸನ್‌ನ ಫ್ಯೂವೆಲ್ ಹುಟ್ಟಿದ ವರ್ಷವೇ. ಅದೇ ಜಾಗದಲ್ಲಿ ಕಾಲಕಾಲಕ್ಕೆ ಹೊಸ ಯೂನಿಟ್ ಸೇರಿಸ್ಕೊಂಡು ಬಂದಿದ್ದಾರೆ. ಹಂಗಂತ ಹಳೇದೆಲ್ಲಾ ಚಿನ್ನ ಅಂತಲೂ ನಾನ್ ಹೇಳ್ತಿಲ್ಲ, ವಯಸ್ಸು ಒಂದನ್ನೇ ಹಿಡ್ಕೊಂಡು ಕೋಟಿಗಟ್ಲೆ ದುಡ್ಡಿನ ತೀರ್ಮಾನ ಮಾಡೋಕಾಗಲ್ಲ ಅಂತಷ್ಟೇ.

ಹಂಗಾದ್ರೆ ಏನ್ ನೋಡ್ಬೇಕು

ಒಂದು ಪ್ಲಾಂಟ್ ಅಂದ್ರೆ ಒಂದು ವಸ್ತು ಅಲ್ಲ. ಕೇಂದ್ರ ಸರ್ಕಾರದ ಸಿಪಿಎಚ್‌ಇಇಒ ಮ್ಯಾನ್ಯುಯಲ್ ಇದ್ಯಲ್ಲ, ನಮ್ಮ ಜಲಮಂಡಳಿ ಎಂಜಿನಿಯರ್‌ಗಳೆಲ್ಲಾ ಮುಂದಿಟ್ಕೊಂಡು ಡಿಸೈನ್ ಮಾಡೋದು, ಅದರಲ್ಲೇ ಮೋಟರು ಪಂಪುಗಳಿಗೆ 15 ವರ್ಷ, ಪಂಪ್‌ಹೌಸ್ ಕಟ್ಟಡಕ್ಕೆ 30, ದೊಡ್ಡ ಪೈಪ್‌ಲೈನಿಗೆ 30 ಅಂತ ಬೇರೆಬೇರೆ ಇಟ್ಟಿದ್ದಾರೆ. ಹಂಗಾಗಿ "ಪ್ಲಾಂಟ್ ಹಾಳಾಗಿದೆ" ಅಂದ್ರೆ ಯಾವ್ದು ಹಾಳಾಗಿದೆ ಅಂತ ಕೇಳಿ. ಪಂಪಾ, ಪ್ಯಾನೆಲ್ಲಾ, ನೀರು ಸೋಸೋ ಮರಳಿನ ತೊಟ್ಟಿ ಅಂದ್ರೆ ಫಿಲ್ಟರ್ ಬೆಡ್ಡಾ, ಕಾಂಕ್ರೀಟಾ, ಇಲ್ಲಾ ಬರೋ ನೀರೇ ಕೆಟ್ಟಿದ್ಯಾ. ಒಂದೊಂದಕ್ಕೂ ಔಷಧಿ ಬೇರೆ.

ಒಂದೂರಿನ ಫಿಲ್ಟರ್ ಹೌಸಲ್ಲಿ ಬ್ಯಾಕ್‌ವಾಶ್, ಅಂದ್ರೆ ಕೆಳಗಿಂದ ಗಾಳಿ ನೀರು ಬಿಟ್ಟು ಮರಳು ತೊಳೆಯೋದನ್ನ ನಿಂತು ನೋಡಿದ್ದೆ. ಬ್ಲೋವರ್ ಆನ್ ಮಾಡಿದ್ರು, ಬೆಡ್ಡಿನ ಒಂದು ಮೂಲೆಲಿ ಮಾತ್ರ ಗುಳುಗುಳು ಅಂತ ಮರಳು ಎದ್ದು ಕುಣೀತಾ ಇದೆ, ಇನ್ನೊಂದು ಮೂಲೆ ಅಲ್ಲಾಡ್ತಾನೇ ಇಲ್ಲ. ಕೇಳಿದ್ರೆ ಆಪರೇಟರ್, "ಆ ಕಡೆ ಏಳಲ್ಲ ಸಾರ್, ನಾನು ಡ್ಯೂಟಿಗೆ ಬಂದಾಗ್ಲಿಂದ ಹಂಗೇ" ಅಂದ. ನೀರು ಬಸಿದ ಮೇಲೆ ನೋಡಿದ್ರೆ ಗೋಡೆ ಪಕ್ಕ ಬಿರುಕು, ಆ ಸತ್ತ ಮೂಲೆಲಿ ನಿಂಬೆಹಣ್ಣಿನಷ್ಟು ದಪ್ಪ ಮಣ್ಣುಂಡೆಗಳು. ಅಂದ್ರೆ ಕೆಳಗಿನ ನಾಝಲ್‌ಗಳು ಮುರಿದೋ ಕಟ್ಕೊಂಡೋ ಇವೆ, ಗಾಳಿ ನೀರು ಎರಡೂ ಸಮವಾಗಿ ಬರ್ತಿಲ್ಲ, ಮರಳು ತೊಳೀತಾ ಇಲ್ಲ, ಬಿರುಕಲ್ಲಿ ಕದಡು ನೀರು ನೇರ ಕೆಳಗೆ ಇಳಿದೋಗ್ತಿದೆ. ಇದಕ್ಕೆ ಹೊಸ ಪ್ಲಾಂಟ್ ಬೇಕಾಗಿಲ್ಲ ಕಣ್ರೀ, ಮರಳು ಜಲ್ಲಿ ತೆಗೆದು, ನಾಝಲ್ ಬದಲಾಯ್ಸಿ, ಗ್ರೇಡ್ ಆಗಿರೋ ಮರಳು ತುಂಬಿದ್ರೆ ಆಯ್ತು, ಅದೂ ಒಂದೊಂದೇ ಬೆಡ್ ನಿಲ್ಸಿ ಮಾಡ್ಬಹುದು.

ಇದೇ ಥರ ಇನ್ನೊಂದೆರಡು ನೋಡೋದಿದೆ. ಶುದ್ಧ ನೀರಿನ ಸಂಪ್ ತುಂಬಿಸಿ, ವಾಲ್ವ್‌ಗಳೆಲ್ಲಾ ಕಟ್ಟಿ, ಗೋಡೆಗೆ ಚಾಕ್‌ಪೀಸಲ್ಲಿ ಗೆರೆ ಎಳೆದು ಮಾರನೇ ದಿನ ನೋಡಿದ್ರೆ ಸೋರ್ತಿದ್ಯಾ ಇಲ್ವಾ ಗೊತ್ತಾಗತ್ತೆ. ಸೋರೋ ಸಂಪಲ್ಲಿ ನೀರು ಕಮ್ಮಿ ಇರೋವಾಗ ಹೊರಗಿನ ಗಲೀಜು ಒಳಗೂ ಬರತ್ತೆ, ಅದನ್ನ ಲೈಟಾಗಿ ತಗೋಬೇಡಿ. ಕ್ಲೋರಿನ್ ರೂಮಿನ ಸೂರು ನೋಡಿ, ಕಬ್ಬಿಣ ತುಕ್ಕು ಹಿಡಿದು ಕಾಂಕ್ರೀಟ್ ಉದುರ್ತಿದ್ರೆ ಅಲ್ಲಿ ಕೆಲಸ ಮಾಡೋರ ತಲೆ ಮೇಲೇ ಬೀಳೋದು. ಜಾರ್ ಟೆಸ್ಟ್ ಮಾಡೋ ಆರು ಬೀಕರಿನ ಮಷೀನ್ ಲ್ಯಾಬಲ್ಲಿ ಇದ್ದೇ ಇರತ್ತೆ, ಅದರ ಮೇಲೆ ಧೂಳು ಎಷ್ಟಿದೆ ನೋಡಿದ್ರೆ ಕದಡನ್ನ ತಳಕ್ಕೆ ಕೂರಿಸೋ ಆಲಂ (ಪಟಿಕ) ಡೋಸ್ ಲೆಕ್ಕ ಹಾಕಿ ಹಾಕ್ತಿದ್ದಾರಾ, ಅಂದಾಜಲ್ಲಿ ಎಸೀತಿದ್ದಾರಾ ಅಂತ ಯಾರೂ ಹೇಳೋದೇ ಬೇಡ. ಕಾಂಕ್ರೀಟ್ ಗಟ್ಟಿ ಇದ್ಯಾ ಅನ್ನೋದಕ್ಕೆ ಮಾತ್ರ ಕಣ್ಣು ಸಾಲಲ್ಲ, ಕೋರ್, ಅಂದ್ರೆ ಗೋಡೆಯಿಂದ ಒಂದು ತುಂಡು ಕೊರೆದು ತೆಗೆದು ಟೆಸ್ಟ್ ಮಾಡಿಸ್ಬೇಕು. ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗದವ್ರ ಹತ್ರ ಮಾಡಿಸಿದ್ರೂ ಸರಿ, ಆದ್ರೆ ಆ ರಿಪೋರ್ಟ್ ಇಲ್ದೆ "ಕಟ್ಟಡ ಬೀಳೋ ಹಂತದಲ್ಲಿದೆ" ಅನ್ನೋ ಮಾತಿಗೆ ಸಭೆಲಿ ಬೆಲೆ ಕೊಡ್ಬಾರ್ದು.

ರಿಪೇರಿ ಮತ್ತು ಅಪ್‌ಗ್ರೇಡ್

ಕಾಂಕ್ರೀಟ್ ಗಟ್ಟಿ ಇದೆ, ನದಿ ನೀರು ಸರಿಯಿದೆ, ಆದ್ರೆ ಊರು ಬೆಳೆದು ನೀರು ಸಾಲ್ತಿಲ್ಲ, ಮಳೆಗಾಲದಲ್ಲಿ ಕೆಂಪು ನೀರು ಬರತ್ತೆ ಅಂದ್ರೆ ನನ್ನ ಮೊದಲ ಆಯ್ಕೆ ಇದೇ. ಕದಡು ತಳಕ್ಕೆ ಕೂರೋ ತೊಟ್ಟಿ, ಅಂದ್ರೆ ಹಳೇ ಕ್ಲಾರಿಫೈಯರ್‌ಗೆ ಟ್ಯೂಬ್ ಸೆಟ್ಲರ್ (ಓರೆಯಾಗಿ ಜೋಡಿಸಿದ ಕೊಳವೆಗಳು) ಕೂರಿಸಿದ್ರೆ ಅದೇ ತೊಟ್ಟಿಲಿ ಇನ್ನಷ್ಟು ನೀರು ತಿಳಿಯಾಗತ್ತೆ. ಬರೀ ಮರಳಿನ ರಾಪಿಡ್ ಫಿಲ್ಟರ್ ಸಾಮಾನ್ಯವಾಗಿ ಗಂಟೆಗೆ ಐದಾರು ಮೀಟರ್ ವೇಗದಲ್ಲಿ ಸೋಸತ್ತೆ, ಮೇಲೆ ಆಂಥ್ರಸೈಟ್ ಅನ್ನೋ ಗಟ್ಟಿ ಕಲ್ಲಿದ್ದಲಿನ ಪದರ ಹಾಕಿ ಡ್ಯುಯಲ್ ಮೀಡಿಯಾ ಮಾಡಿದ್ರೆ ಅದಕ್ಕಿಂತ ಜಾಸ್ತಿ ತಗೋಬಹುದು. ಆದ್ರೆ ಒಳಗೆ ಬರೋ ಚಾನೆಲ್ಲು, ಪೈಪು, ಬ್ಯಾಕ್‌ವಾಶ್ ಪಂಪು ಅಷ್ಟು ನೀರನ್ನ ತಡ್ಕೋತವಾ ಅಂತ ಮೊದಲೇ ಲೆಕ್ಕ ಹಾಕಿರ್ಬೇಕು, ಇಲ್ದಿದ್ರೆ ಬೆಡ್ ರೆಡಿ ಇದ್ದೂ ನೀರು ಬರಲ್ಲ.

ಕಷ್ಟ ಏನಪ್ಪಾ ಅಂದ್ರೆ ಕೆಲಸ ನಡೆಯೋವಾಗ ಕೆಪಾಸಿಟಿ ಕಮ್ಮಿ ಆಗತ್ತೆ. ನಾಲ್ಕು ಬೆಡ್ಡಲ್ಲಿ ಒಂದು ನಿಲ್ಸಿದ್ರೆ ಕಾಲು ಭಾಗ ಹೋಯ್ತು. ಹಂಗಾಗಿ ಯಾವ ತಿಂಗಳಲ್ಲಿ ಮಾಡ್ತೀರ ಅನ್ನೋದು ಮುಖ್ಯ, ಜೂನಿಂದ ಅಕ್ಟೋಬರ್ ತನಕ ಹೊಳೆ ಕದಡಿರತ್ತೆ, ಮಾರ್ಚಿಂದ ಮೇ ತನಕ ಜನ ಕೊಡ ಹಿಡ್ಕೊಂಡು ರಸ್ತೆಗೆ ಬರೋ ಕಾಲ, ಉಳಿದಿರೋದು ನವೆಂಬರಿಂದ ಫೆಬ್ರವರಿ ಅಷ್ಟೇ. ಟೆಂಡರ್ ಜನವರಿಲಿ ಕರೆದು ವರ್ಕ್ ಆರ್ಡರ್ ಏಪ್ರಿಲಲ್ಲಿ ಕೊಟ್ರೆ ಒಂದು ವರ್ಷ ದಂಡ. ಇನ್ನೊಂದು ಕಷ್ಟ ಬಾಯ್ಬಿಟ್ಟು ಯಾರೂ ಹೇಳಲ್ಲ, ರಿಪೇರಿ ಮಾಡಿದ ಫಿಲ್ಟರಿಗೆ ಉದ್ಘಾಟನೆ ಕಲ್ಲು ಹಾಕೋಕಾಗಲ್ಲ.

ಅದೇ ಜಾಗದಲ್ಲಿ ಒಡೆದು ಕಟ್ಟೋದು

ಇದನ್ನ ಬೇಗ ಮುಗಿಸ್ತೀನಿ. ಎರಡು ವರ್ಷ ಊರಿಗೆಲ್ಲಾ ನೀರು ಕೊಡೋಕೆ ಬೇರೆ ಮೂಲ ಇದ್ರೆ ಮಾತ್ರ ಯೋಚನೆ ಮಾಡಿ. ಇಲ್ದಿದ್ರೆ ಟ್ಯಾಂಕರ್ ಮಾಫಿಯಾಗೆ ನೀವೇ ಕರೆದು ಮಣೆ ಹಾಕ್ದಂಗೆ.

ಪಕ್ಕದಲ್ಲಿ ಹೊಸದು ಕಟ್ಟಿ ಹಳೇದನ್ನ ಆಮೇಲೆ ನಿಲ್ಸೋದು

ಇದಕ್ಕೆ ದೊಡ್ಡ ಉದಾಹರಣೆ ಮುಂಬೈನ ಭಾಂಡುಪ್.  ಅಲ್ಲಿರೋ ಪ್ಲಾಂಟ್ 1979ರದ್ದು, 1,910 ಎಂಎಲ್‌ಡಿ (ಒಂದು ಎಂಎಲ್‌ಡಿ ಅಂದ್ರೆ ದಿನಕ್ಕೆ ಹತ್ತು ಲಕ್ಷ ಲೀಟರ್), ಅಂದ್ರೆ ದಿನಕ್ಕೆ 191 ಕೋಟಿ ಲೀಟರ್. ಆಮೇಲೆ ಅದೇ ಕಾಂಪ್ಲೆಕ್ಸಲ್ಲಿ 900 ಎಂಎಲ್‌ಡಿದು ಇನ್ನೊಂದು ಸೇರಿಸಿದ್ರು. ಈಗ ಆ ಹಳೇ ದೊಡ್ಡದರ ಬದಲಿಗೆ 2,000 ಎಂಎಲ್‌ಡಿ ಹೊಸ ಪ್ಲಾಂಟ್ ಕಟ್ಟೋಕೆ ಪಾಲಿಕೆ ನಿರ್ಧಾರ ಮಾಡಿ 4,000 ಕೋಟಿಗೂ ಮೇಲ್ಪಟ್ಟ ಕಾಂಟ್ರಾಕ್ಟ್ ಕೊಟ್ಟಿದೆ. ಮುಂಬೈಗೆ ದಿನಕ್ಕೆ ಬರೋದು ಸುಮಾರು 3,900 ಎಂಎಲ್‌ಡಿ, ಅದರಲ್ಲಿ ಅರ್ಧದಷ್ಟು ಈ ಒಂದೇ ಹಳೇ ಪ್ಲಾಂಟಿನ ಮೇಲೆ ನಿಂತಿದೆ, ಹಂಗಾಗಿ ಅದನ್ನ ನಿಲ್ಸಿ ರಿಪೇರಿ ಮಾಡ್ತೀವಿ ಅನ್ನೋ ಮಾತೇ ಇಲ್ಲ. ಅವ್ರಿಗೆ ಬೇರೆ ದಾರಿ ಇರ್ಲಿಲ್ಲ ಅಂತ ನನಗನ್ಸತ್ತೆ. ಆದ್ರೆ ಒಂದು ಗಮನಿಸಿ, 2022ರ ಮಾರ್ಚಿಂದ ಅಲ್ಲಿ ಚುನಾಯಿತ ಸದಸ್ಯರೇ ಇರ್ಲಿಲ್ಲ, ಆಡಳಿತಾಧಿಕಾರಿ ಕೈಯಲ್ಲೇ ಎಲ್ಲಾ, ಇಷ್ಟು ದೊಡ್ಡ ತೀರ್ಮಾನ ವಾರ್ಡ್ ಪ್ರತಿನಿಧಿಗಳ ಚರ್ಚೆ ಇಲ್ದೆ ಆಯ್ತು. ಬೆಂಗಳೂರಲ್ಲೂ 2020ರ ಸೆಪ್ಟೆಂಬರಿಂದ ವರ್ಷಗಟ್ಲೆ ಇದೇ ಹಣೆಬರಹ ಇತ್ತು.

ನಮ್ಮೂರುಗಳಿಗೆ ಇದು ಸರಿಹೋಗತ್ತಾ? ಜಾಗ ಇದ್ರೆ ಹೋಗತ್ತೆ, ಕಾಂಕ್ರೀಟ್ ಟೆಸ್ಟಲ್ಲಿ ಫೇಲ್ ಆಗಿದ್ರೆ ಇದೊಂದೇ ದಾರಿ. 20 ಎಂಎಲ್‌ಡಿ ಬೇಕು ಅಂದ್ರೆ ಹತ್ತು ಹತ್ತರ ಎರಡು ಭಾಗ ಮಾಡಿ, ಮೊದಲ ಹತ್ತು ಒಂದು ಪೂರ್ತಿ ಮಳೆಗಾಲ ಓಡಿದ ಮೇಲೆ ಹಳೇದರಲ್ಲಿ ಅರ್ಧ ನಿಲ್ಸಿ. ಒಂದು ಮಳೆಗಾಲ ನೋಡದೆ ಯಾವ ಪ್ಲಾಂಟನ್ನೂ ಪಾಸ್ ಮಾಡ್ಬೇಡಿ, ಬೇಸಿಗೆಲಿ ತಿಳಿ ನೀರು ಸೋಸೋದು ಯಾರಿಗೂ ಬರತ್ತೆ.

ಮತ್ತೆ ಜಾಗದ ಎತ್ತರ. ಹಳೇ ಕಾಲದವ್ರು ಫಿಲ್ಟರ್ ಹೌಸನ್ನ ಗುಡ್ಡದ ಮೇಲೆ ಕಟ್ಟಿರೋದು ಸುಮ್ನೆ ಅಲ್ಲ, ಅಲ್ಲಿಂದ ಊರಿಗೆ ನೀರು ತಾನಾಗೇ ಇಳಿದು ಬರತ್ತೆ. "ಹೊಳೆ ಪಕ್ಕ ಸರ್ಕಾರಿ ಜಮೀನು ಖಾಲಿ ಇದೆ, ಅಲ್ಲೇ ಕಟ್ಟೋಣ" ಅಂದ್ರೆ ತಗ್ಗಿನ ಜಾಗದಿಂದ ಓವರ್‌ಹೆಡ್ ಟ್ಯಾಂಕಿಗೆ ಮತ್ತೆ ಪಂಪ್ ಮಾಡ್ಬೇಕು. ಲೆಕ್ಕ ಸುಲಭ: 20 ಎಂಎಲ್‌ಡಿ ನೀರನ್ನ ಬರೀ 10 ಮೀಟರ್ ಜಾಸ್ತಿ ಎತ್ತೋಕೆ, ಪಂಪು ಮೋಟರು ಸೇರಿ 65% ದಕ್ಷತೆ ಅಂತ ಹಿಡಿದ್ರೆ ದಿನಕ್ಕೆ ಸುಮಾರು 840 ಯೂನಿಟ್, ವರ್ಷಕ್ಕೆ ಮೂರು ಲಕ್ಷ ಯೂನಿಟ್ ಮೇಲೆ. ಯೂನಿಟ್‌ಗೆ 6 ರೂಪಾಯಿ ಅಂತ ಇಟ್ಕೊಂಡ್ರೂ ವರ್ಷಕ್ಕೆ 18 ಲಕ್ಷ, ಪ್ಲಾಂಟ್ ಇರೋ ತನಕ. ಎತ್ತರ 30 ಮೀಟರ್ ಆದ್ರೆ ಮೂರರಿಂದ ಗುಣಿಸ್ಕೊಳ್ಳಿ. ಡಿಪಿಆರಲ್ಲಿ (ಯೋಜನೆಯ ವಿವರವಾದ ವರದಿ) ಕಟ್ಟೋ ಖರ್ಚಿನ ಪಕ್ಕದಲ್ಲಿ ಈ ಖರ್ಚು ಬರೆದಿಲ್ಲ ಅಂದ್ರೆ ಆ ಡಿಪಿಆರ್ ಅರ್ಧಂಬರ್ಧ ಅಂತ ತಿಳ್ಕೊಳ್ಳಿ.

ನಮ್ಮ ಪ್ಲಾಂಟೇ ಬೇಡ, ನೀರಿನ ಮೂಲ ಬದಲಾಯ್ಸೋಣ

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಬೇಕು, ಯಾಕಂದ್ರೆ ತಪ್ಪಾದ್ರೆ ಅತಿ ಹೆಚ್ಚು ಏಟು ಬೀಳೋದು ಇಲ್ಲೇ.

ಅಮೆರಿಕದ ಫ್ಲಿಂಟ್ ಊರು 1967ರಿಂದ ಡೆಟ್ರಾಯಿಟ್‌ನಿಂದ ತಯಾರಾದ ನೀರು ತಗೋತಿತ್ತು. ಊರಿನದ್ದೇ ಹಳೇ ಪ್ಲಾಂಟ್ ಸ್ಟ್ಯಾಂಡ್‌ಬೈ ಆಗಿ ಬಿದ್ದಿತ್ತು. ಡೆಟ್ರಾಯಿಟ್ ರೇಟ್ ಜಾಸ್ತಿ ಅಂತ 2013ರ ಮಾರ್ಚಲ್ಲಿ ಅಲ್ಲಿನ ಕೌನ್ಸಿಲ್ 7-1 ವೋಟಲ್ಲಿ ಹೊಸದಾಗಿ ಬರ್ತಿರೋ ಬೇರೆ ಪೈಪ್‌ಲೈನ್ ಸ್ಕೀಮಿಗೆ ಸೇರೋಕೆ ಒಪ್ಪಿತು. ಇಲ್ಲಿ ತನಕ ಸರಿ. ಆ ಪೈಪ್‌ಲೈನ್ ರೆಡಿ ಆಗೋಕೆ ಟೈಮ್ ಇತ್ತು, ನಡುವಿನ ಒಂದೆರಡು ವರ್ಷಕ್ಕೆ ಹಳೇ ಪ್ಲಾಂಟನ್ನ ಎಬ್ಬಿಸಿ ಫ್ಲಿಂಟ್ ನದಿ ನೀರನ್ನೇ ಕೊಡೋಣ ಅಂತ ತೀರ್ಮಾನ ಆಗಿದ್ದು ರಾಜ್ಯ ಸರ್ಕಾರ ನೇಮಿಸಿದ ಎಮರ್ಜೆನ್ಸಿ ಮ್ಯಾನೇಜರ್ ಆಡಳಿತದಲ್ಲಿ, ಕೌನ್ಸಿಲ್ ವೋಟಲ್ಲಿ ಅದು ಇರ್ಲೇ ಇಲ್ಲ. 2014ರ ಏಪ್ರಿಲ್ 25ಕ್ಕೆ ಸ್ವಿಚ್ ಮಾಡಿದ್ರು. ನದಿ ನೀರು ಪೈಪ್ ತಿನ್ನೋ ಸ್ವಭಾವದ್ದು, ಡೆಟ್ರಾಯಿಟ್ ನೀರಲ್ಲಿ ಪೈಪ್ ತುಕ್ಕು ತಡೆಯೋ ಫಾಸ್ಫೇಟ್ ಇರ್ತಿತ್ತು, ಇಲ್ಲಿ ಅದನ್ನ ಹಾಕ್ಲೇ ಇಲ್ಲ. ಹಳೇ ಸೀಸದ ಪೈಪುಗಳ ಒಳಗಿನ ಪದರ ಕಿತ್ತು ಸೀಸ ಮಕ್ಕಳ ಹೊಟ್ಟೆಗೆ ಹೋಯ್ತು. ಅದೇ ವರ್ಷದ ಅಕ್ಟೋಬರಲ್ಲಿ ಊರಿನ ಜನರಲ್ ಮೋಟರ್ಸ್ ಎಂಜಿನ್ ಫ್ಯಾಕ್ಟರಿ ಈ ನೀರಿಗೆ ನಮ್ಮ ಬಿಡಿಭಾಗ ತುಕ್ಕು ಹಿಡೀತಿದೆ ಅಂತ ಬೇರೆ ನೀರಿಗೆ ಹೋಯ್ತು, ಜನ ಮಾತ್ರ ಇನ್ನೂ ಒಂದು ವರ್ಷ, 2015ರ ಅಕ್ಟೋಬರ್ ತನಕ ಅದನ್ನೇ ಕುಡಿದ್ರು.

ನಮ್ಮಲ್ಲಿ ಸೀಸದ ಪೈಪಿನ ಸಮಸ್ಯೆ ಅಷ್ಟಿಲ್ಲ ಅಂತ ಸಮಾಧಾನ ಮಾಡ್ಕೊಬೇಡಿ. ಬೋರ್‌ವೆಲ್ ನೀರಿಂದ ನದಿ ನೀರಿಗೆ, ಒಂದು ನದಿಯಿಂದ ಇನ್ನೊಂದಕ್ಕೆ ಬದಲಾದಾಗ ಹಳೇ ಕಬ್ಬಿಣದ ಪೈಪಲ್ಲಿ ಕೂತಿರೋ ಪದರ ಕಿತ್ತು ಬರೋದು ಇಲ್ಲೂ ಆಗತ್ತೆ, ಹೊಸ ನೀರು ಬಿಟ್ಟ ವಾರವೇ ಟೀ ಡಿಕಾಕ್ಷನ್ ಬಣ್ಣ ಬಂತು ಅಂತ ಜನ ಬಾಟಲಿ ಹಿಡ್ಕೊಂಡು ನಗರಸಭೆಗೆ ಬರೋದು ಅದಕ್ಕೇ. ನಡುವಿನ ಕಾಲಕ್ಕೆ ಏನು ಕುಡೀತೀವಿ, ಹೊಸ ನೀರಿಗೂ ಹಳೇ ಪೈಪಿಗೂ ಹೊಂದಾಣಿಕೆ ಆಗತ್ತಾ, ಈ ಎರಡಕ್ಕೂ ಬರವಣಿಗೇಲಿ ಉತ್ತರ ತಗೊಂಡೇ ಮುಂದಕ್ಕೆ ಹೋಗಿ.

ಮೂಲದ ಬಗ್ಗೆ ಇನ್ನೊಂದು ಮಾತಿಗೆ ಬೆಂಗಳೂರಿನ ತಿಪ್ಪಗೊಂಡನಹಳ್ಳಿ ಸಾಕು. 1933ರಲ್ಲಿ ಅರ್ಕಾವತಿ ಕುಮುದ್ವತಿ ಸೇರೋ ಜಾಗದಲ್ಲಿ ಕಟ್ಟಿದ ಜಲಾಶಯ, ದಶಕಗಳ ಕಾಲ ಬೆಂಗಳೂರಿಗೆ ನೀರು ಕೊಡ್ತು. ಅದಕ್ಕೆ ಕುತ್ತು ಬಂದಿದ್ದು ಫಿಲ್ಟರ್ ಹಳೇದಾಗಿ ಅಲ್ಲ, ಮೇಲ್ಗಡೆ ಜಲಾನಯನ ಪ್ರದೇಶದಲ್ಲಿ ಬೋರ್‌ವೆಲ್ಲು, ನೀಲಗಿರಿ, ಲೇಔಟು, ಫ್ಯಾಕ್ಟರಿ ಬಂದು ಹರಿವು ಬತ್ತಿ, ಬಂದ ಅಷ್ಟಿಷ್ಟು ನೀರೂ ಕೆಟ್ಟು. ಊರು ನೂರು ಕಿಲೋಮೀಟರ್ ಆಚೆ ಕಾವೇರಿಗೆ ಕೈಚಾಚ್ತು, 1974ರ ಮೊದಲ ಹಂತದಿಂದ ಶುರುವಾಗಿ 2024ರ ಅಕ್ಟೋಬರಲ್ಲಿ 775 ಎಂಎಲ್‌ಡಿಯ ಐದನೇ ಹಂತದ ತನಕ. ನಿಮ್ಮೂರಿನ ಹೊಳೆಗೂ ಮೇಲ್ಗಡೆ ಪಟ್ಟಣದ ಒಳಚರಂಡಿ ಸೇರ್ತಿದ್ರೆ ಎಷ್ಟೇ ಹೊಸ ಪ್ಲಾಂಟ್ ಕಟ್ಟಿ, ಮರಳು ಫಿಲ್ಟರು ಕ್ಲೋರಿನ್ನು ಎರಡರಿಂದಲೇ ಆ ಕೆಲಸ ಆಗಲ್ಲ, ಅದಕ್ಕೆ ಬೇರೆ ಟ್ರೀಟ್ಮೆಂಟ್ ಬೇಕು ಇಲ್ಲಾ ಆ ಚರಂಡಿ ನಿಲ್ಸೋಕೆ ದುಡ್ಡು ಹಾಕ್ಬೇಕು. ಎರಡನೇದು ಎಷ್ಟೋ ಸಲ ಅಗ್ಗ.

ಪ್ಲಾಂಟ್ ಬಿಡಿ, ಮೊದಲು ಪೈಪ್ ನೋಡೋಣ

ಹುಬ್ಬಳ್ಳಿ-ಧಾರವಾಡದಲ್ಲಿ ವಿಶ್ವಬ್ಯಾಂಕ್ ಸಾಲದ ಯೋಜನೆಲಿ ಕೆಲವು ವಾರ್ಡಿಗೆ 24×7 ನೀರು ಕೊಟ್ರು, ಉಳಿದ ಕಡೆ ಐದು ದಿನಕ್ಕೋ ವಾರಕ್ಕೋ ಒಂದ್ಸಲ ಬಿಡೋದು ಮುಂದುವರೀತು. ಅಮೆರಿಕದ ಸಂಶೋಧಕರು ಎರಡೂ ಕಡೆ ನಲ್ಲಿ ನೀರು ಹಿಡಿದು ನೋಡಿದಾಗ, ಬಿಟ್ಟು ಬಿಟ್ಟು ಬರೋ ಕಡೆ ನೂರಕ್ಕೆ 30ಕ್ಕೂ ಹೆಚ್ಚು ಸ್ಯಾಂಪಲ್ಲಲ್ಲಿ ಇ-ಕೋಲೈ (ಮಲದ ಗಲೀಜು ಸೇರಿದೆ ಅಂತ ತೋರಿಸೋ ಬ್ಯಾಕ್ಟೀರಿಯಾ) ಇತ್ತು, ನಿರಂತರ ಬರೋ ಕಡೆ ನೂರಕ್ಕೆ ಒಂದಕ್ಕಿಂತ ಕಮ್ಮಿ. ಊರು ಒಂದೇ, ಫಿಲ್ಟರ್ ಆಗಿ ಬರೋ ನೀರೂ ಅದೇ, ವ್ಯತ್ಯಾಸ ಪೈಪಲ್ಲಿ. ಪೈಪ್ ಖಾಲಿ ಇದ್ದಾಗ ಪಕ್ಕದ ಚರಂಡಿ ನೀರನ್ನ ಒಳಗೆ ಎಳ್ಕೊಳ್ಳತ್ತೆ, ನೀರು ಬಿಟ್ಟಾಗ ಅದು ಮೊದಲ ಮನೆ ಕೊಡಕ್ಕೆ ಬೀಳತ್ತೆ.

ಸೋರಿಕೆ ಲೆಕ್ಕಾನೂ ಹಾಕಿ. ಒಂದು ಲಕ್ಷ ಜನ, ತಲೆಗೆ 135 ಲೀಟರ್ ಅಂದ್ರೆ 13.5 ಎಂಎಲ್‌ಡಿ ಮನೆಗೆ ಮುಟ್ಬೇಕು. ದಾರೀಲಿ 35% ಸೋರಿಹೋಗ್ತಿದ್ರೆ ಪ್ಲಾಂಟಿಂದ 20.8 ಎಂಎಲ್‌ಡಿ ಬಿಡ್ಬೇಕು. ಸೋರಿಕೆ 20%ಗೆ ಇಳಿಸಿದ್ರೆ 16.9 ಸಾಕು. ಆ ನಾಲ್ಕು ಎಂಎಲ್‌ಡಿ ಪ್ಲಾಂಟ್ ಕಟ್ಟೋದೂ ಬೇಡ, ಅಷ್ಟು ನೀರಿಗೆ ಆಲಂ, ಕ್ಲೋರಿನ್, ಕರೆಂಟೂ ಬೇಡ. ಆದ್ರೆ ರಸ್ತೆ ಅಗೀಬೇಕು, ಅಕ್ರಮ ನಲ್ಲಿ ಕಿತ್ತು ಮೀಟರ್ ಹಾಕ್ಬೇಕು, ಅಂದ್ರೆ ವೋಟಿನ ಪ್ರಶ್ನೆ, ಅದಕ್ಕೇ ಈ ದಾರಿ ಅಜೆಂಡಾಗೆ ಬರೋದೇ ಅಪರೂಪ.

ಪ್ಲಾಂಟಾ ಪೈಪಾ ಅಂತ ಗೊತ್ತು ಮಾಡ್ಕೊಳ್ಳೋಕೆ ಒಂದೇ ದಿನ ಮೂರು ಜಾಗದ ನೀರು ಟೆಸ್ಟ್ ಮಾಡಿಸಿ: ಪ್ಲಾಂಟಿಂದ ಹೊರಡೋ ನೀರು, ಓವರ್‌ಹೆಡ್ ಟ್ಯಾಂಕು, ಕೊನೇ ಬೀದಿಯ ಕೊನೇ ನಲ್ಲಿ. ಕುಡಿಯೋ ನೀರಿನ ಐಎಸ್ 10500 ಪ್ರಕಾರ ಕದಡು 1 ಎನ್‌ಟಿಯು (ಕದಡು ಅಳೆಯೋ ಮಾನ) ಒಳಗಿರ್ಬೇಕು, ಬೇರೆ ಮೂಲ ಇಲ್ದಿದ್ರೆ 5ರ ತನಕ ಒಪ್ತಾರೆ, ಉಳಿಕೆ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ. ಪ್ಲಾಂಟಲ್ಲೇ ಕೆಟ್ಟಿದ್ರೆ ಪ್ಲಾಂಟಿಗೆ ದುಡ್ಡು ಹಾಕಿ, ಅಲ್ಲಿ ಚೆನ್ನಾಗಿದ್ದು ಕೊನೇ ನಲ್ಲಿಲಿ ಕೆಟ್ಟಿದ್ರೆ ಪೈಪಿಗೆ.

ದುಡ್ಡು, ಟೆಂಡರು

ಕೇಂದ್ರದ ಅಮೃತ್ 2.0 ಯೋಜನೆ 2021ರ ಅಕ್ಟೋಬರಲ್ಲಿ ಶುರುವಾಗಿದ್ದು, ಅದರ ನಿಯಮದಲ್ಲಿ ಒಂದು ಲಕ್ಷಕ್ಕಿಂತ ಕಮ್ಮಿ ಜನ ಇರೋ ಊರಿಗೆ ಕೇಂದ್ರದ ಪಾಲು ಅರ್ಧ, ಒಂದರಿಂದ ಹತ್ತು ಲಕ್ಷಕ್ಕೆ ಮೂರನೇ ಒಂದು, ಅದಕ್ಕೂ ದೊಡ್ಡ ಊರಿಗೆ ಕಾಲು ಭಾಗ ಅಂತ ಇಟ್ಟಿದ್ರು. ಉಳಿದಿದ್ದು ರಾಜ್ಯ ಮತ್ತು ನಗರಸಭೆ ತಲೆ ಮೇಲೆ. ಇಂಥಾ ಸ್ಕೀಮುಗಳ ಒಂದು ಗುಣ ಏನಂದ್ರೆ ಕಟ್ಟೋಕೆ ದುಡ್ಡು ಸಿಗತ್ತೆ, ನಡೆಸೋಕೆ ಸಿಗಲ್ಲ. ಹಂಗಾಗಿ "ದುಡ್ಡು ಮೇಲಿಂದ ಬರತ್ತೆ, ನಮಗೇನು" ಅಂತ ದೊಡ್ಡ ಪ್ಲಾಂಟ್ ತಗೊಂಡ್ರೆ ಕರೆಂಟ್ ಬಿಲ್ ನಗರಸಭೆ ಹೆಸರಿಗೇ ಬರೋದು, ನೀರಿನ ಕರ ಜಾಸ್ತಿ ಮಾಡ್ಬೇಕಾಗಿರೋದೂ ನಾವೇ.

ನನ್ನನ್ನ ಕೇಳಿದ್ರೆ: ಕಾಂಕ್ರೀಟ್ ಪಾಸ್ ಆಗಿದ್ರೆ ರಿಪೇರಿ ಜೊತೆಗೆ ಪೈಪ್ ಕೆಲಸ. ಫೇಲ್ ಆಗಿ ಜಾಗ ಇದ್ರೆ ಪಕ್ಕದಲ್ಲಿ ಎರಡು ಹಂತದಲ್ಲಿ ಹೊಸದು, ಅದೂ ಹಳೇ ಎತ್ತರದಲ್ಲೇ. ಹೊಳೆ ಕೆಟ್ಟಿದ್ರೆ ಮಾತ್ರ ಮೂಲ ಬದಲಾಯ್ಸೋ ಮಾತು. ಕಾಂಕ್ರೀಟೂ ಫೇಲು, ಜಾಗವೂ ಇಲ್ಲ ಅನ್ನೋ ಊರಿಗೆ ಸುಲಭದ ದಾರಿ ಇಲ್ಲ, ಅಲ್ಲಿ ಮೊದಲು ಜಮೀನು ಹುಡುಕಿ, ಎಸ್ಟಿಮೇಟ್ ಆಮೇಲೆ.

ಯಾವ್ದೇ ಆರಿಸ್ಕೊಂಡ್ರೂ ಟೆಂಡರಲ್ಲಿ ಕಟ್ಟಿದೋನೇ ಕನಿಷ್ಠ ಐದು ವರ್ಷ ನಡೆಸ್ಬೇಕು ಅಂತ ಇರ್ಲಿ, ಪೇಮೆಂಟಲ್ಲಿ ಒಂದು ಭಾಗ ಆ ಐದು ವರ್ಷದ ನೀರಿನ ಗುಣಮಟ್ಟಕ್ಕೆ ಕಟ್ಟಿ, ಗೋಡೆ ಎದ್ದ ತಕ್ಷಣ 90% ಬಿಲ್ ಆಗೋ ಥರ ಬೇಡ. ಸಭೆಗೆ ಮುಂಚೆ ಪ್ಲಾಂಟಿನ ಲಾಗ್ ಬುಕ್ ಕೇಳಿ, ಕಳೆದ ಮೂರು ಮಳೆಗಾಲದ ಜುಲೈ ಆಗಸ್ಟ್ ಪುಟಗಳು, ಒಳಗೆ ಬಂದ ನೀರಿನ ಕದಡು ಎಷ್ಟು, ಹೊರಗೆ ಹೋಗಿದ್ದೆಷ್ಟು. ಕೊಡ್ಲಿಲ್ಲ ಅಂದ್ರೆ ಆರ್‌ಟಿಐ ಹಾಕಿ. ಎಲ್ಲಾ ದಿನ ಒಂದೇ ಅಂಕಿ, ಒಂದೇ ಪೆನ್ನು, ಒಂದೇ ಕೈಬರಹ ಇದ್ರೆ ಅದು ಒಂದೇ ಸಾಯಂಕಾಲ ಕೂತು ಬರೆದಿದ್ದು. ಆಮೇಲೆ ಎಸ್ಟಿಮೇಟಿನ ಸಿಬ್ಬಂದಿ ಪಟ್ಟಿ ತೆಗೆದು ಕೆಮಿಸ್ಟ್ ಎಷ್ಟು ಜನ, ಶಿಫ್ಟಿಗೆ ತರಬೇತಿ ಆಗಿರೋ ಆಪರೇಟರ್ ಎಷ್ಟು ಜನ, ಸಂಬಳ ಯಾವ ಹೆಡ್ಡಿಂದ ಅಂತ ನೋಡಿ. ಆ ಕಾಲಂ ಖಾಲಿ ಇದ್ರೆ ಐಟಂನ ಮುಂದಿನ ಸಭೆಗೆ ಮುಂದೂಡಿಸಿ.